ಫ್ಯಾನನ್ ಅವರನ್ನು ಮೊದಲ ಅಧ್ಯಾಯಕ್ಕೇ ನಿಲ್ಲಿಸುವುದೇಕೆ?

ಮಾನ್ಯರೇ,

ಕೇಪ್‌ಟೌನಿನ ವಿದ್ಯಾರ್ಥಿ ಚಳವಳಿಯಿರಲಿ, ಈಚಿನ ಪ್ಯಾಲೆಸ್ಟೀನ್ ಪರ ಪ್ರತಿಭಟನೆಗಳಿರಲಿ, ವಾದ ಕಾವೇರಿದಾಗಲೆಲ್ಲ ವಸಾಹತುಶಾಹಿ ವಿರೋಧಿ ಚಿಂತಕ ಫ್ರಾಂಟ್ಜ್ ಫ್ಯಾನನ್ ಅವರ ಹೆಸರು ಕೇಳಿಬರುತ್ತದೆ. ವಸಾಹತುಶಾಹಿಯಿಂದ ಬಿಡುಗಡೆ ಹಿಂಸೆಯಿಲ್ಲದೆ ಆಗದು ಎಂಬ ಅವರ ನಿಲುವನ್ನು ಒಂದು ಪಕ್ಷ ಸಮರ್ಥನೆಗೆ ಬಳಸಿದರೆ, ಇನ್ನೊಂದು ಪಕ್ಷ ಅದನ್ನೇ ದೋಷಾರೋಪಕ್ಕೆ ಬಳಸುತ್ತದೆ. 1961ರಲ್ಲಿ ಪ್ರಕಟವಾದ ಅವರ ‘ದಿ ರೆಚೆಡ್ ಆಫ್ ದಿ ಅರ್ಥ್’ ಕೃತಿಯ ಮೊದಲ ಅಧ್ಯಾಯದಿಂದಾಚೆಗೆ ಇಬ್ಬರೂ ಹೋದಂತಿಲ್ಲ. ಹಿಂಸೆಯ ವಿಷಯದಲ್ಲಿ ಫ್ಯಾನನ್ ಅವರಿಗಿದ್ದ ಸಂದೇಹ ಅವರ ಅಭಿಮಾನಿಗಳಿಗಿಲ್ಲ, ಹೆಚ್ಚಿನವರು ಓದಿರುವುದು ಆ ಒಂದು ಅಧ್ಯಾಯವನ್ನೇ ಎಂದು ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1970ರಲ್ಲೇ ಅಡಿಟಿಪ್ಪಣಿಯೊಂದರಲ್ಲಿ ಬರೆದಿದ್ದರು.

ಫ್ಯಾನನ್ ವೃತ್ತಿಯಿಂದ ಮನೋವೈದ್ಯರು. 1953ರಿಂದ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿದ್ದು, 1956ರಲ್ಲಿ ರಾಜೀನಾಮೆ ಕೊಟ್ಟು, ಫ್ರೆಂಚ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ವಿಮೋಚನಾ ರಂಗದ ಜೊತೆಗೂಡಿದವರು. ಪುಸ್ತಕದ ಕೊನೆಯಲ್ಲಿ ಅವರು ತಮ್ಮ ರೋಗಿಗಳ ವಿವರಗಳನ್ನು ಕೊಡುತ್ತಾರೆ. ಬಂಧಿತರಿಗೆ ಚಿತ್ರಹಿಂಸೆ ಕೊಡುತ್ತಿದ್ದ ಐರೋಪ್ಯ ಪೊಲೀಸನೊಬ್ಬ ಚಿಕಿತ್ಸೆಗೆ ಬಂದವನು, ಒಂದು ದಿನ ಆಸ್ಪತ್ರೆಯ ಆವರಣದಲ್ಲಿ ಮರಕ್ಕೊರಗಿ ನಡುಗುತ್ತ, ಬೆವರುತ್ತ ನಿಂತಿದ್ದಾನೆ; ತಾನೇ ಹಿಂಸಿಸಿದ್ದವನೊಬ್ಬ ಅಲ್ಲಿ ಎದುರಾಗಿದ್ದಾನೆ. ಆ ಅಲ್ಜೀರಿಯನ್ನನಾದರೋ, ಪೊಲೀಸರು ತನ್ನನ್ನು ಹುಡುಕಿಕೊಂಡು ಬಂದರೆಂದು ಭ್ರಮಿಸಿ ಆತ್ಮಹತ್ಯೆಗೆ ಯತ್ನಿಸುತ್ತಾನೆ. ಹೋರಾಟಗಾರರ ನೋವನ್ನೂ ಫ್ಯಾನನ್ ಮುಚ್ಚಿಡುವುದಿಲ್ಲ. ಸ್ವಾತಂತ್ರ್ಯಕ್ಕಾಗಿ ಬಾಂಬಿಟ್ಟು ಹತ್ತು ಮಂದಿಯ ಸಾವಿಗೆ ಕಾರಣನಾದ ಒಬ್ಬನಿಗೆ, ಅವನ ದೇಶ ಬಿಡುಗಡೆಯಾದ ಮೇಲೂ, ವರ್ಷವರ್ಷವೂ ಅದೇ ದಿನಗಳಲ್ಲಿ ನಿದ್ರೆ ಹತ್ತುತ್ತಿರಲಿಲ್ಲ. ಹಾಗೆಂದು ಫ್ಯಾನನ್ ಅವರನ್ನು ಅಹಿಂಸಾವಾದಿಯನ್ನಾಗಿಸಲು ಹೊರಡುವುದೂ ಸರಿಯಲ್ಲ. ಅವರು ತಮ್ಮ ವಾದವನ್ನು ಹಿಂತೆಗೆದುಕೊಳ್ಳಲಿಲ್ಲ, ಅದಕ್ಕೆ ಮನುಷ್ಯರು ತೆರುವ ಬೆಲೆಯನ್ನು ಬರೆದಿಟ್ಟರು.

ನಡುವಿನ ಅಧ್ಯಾಯವೊಂದು, ನನ್ನ ದೃಷ್ಟಿಯಲ್ಲಿ, ಇಂದಿನ ಪ್ರತಿಭಟನೆಗಳಿಗೆ ಇನ್ನೂ ಹತ್ತಿರವಾದುದು. ಪರಕೀಯರು ಬಿಟ್ಟುಹೋದ ಕುರ್ಚಿಗಳಲ್ಲಿ ಸ್ವದೇಶಿ ಮಧ್ಯಮ ವರ್ಗ ಬಂದು ಕೂರುವುದನ್ನೂ, ಜನರಿಗೆ ರಾಷ್ಟ್ರಾಭಿಮಾನದ ಭಾಷಣವಷ್ಟೇ ದಕ್ಕುವುದನ್ನೂ ಅದು ವಿವರಿಸುತ್ತದೆ. 2015ರ ಏಪ್ರಿಲ್ 9ರಂದು ಕೇಪ್‌ಟೌನ್ ವಿಶ್ವವಿದ್ಯಾಲಯದಿಂದ ಬ್ರಿಟಿಷ್ ಸಾಮ್ರಾಜ್ಯಶಾಹಿ ಸೆಸಿಲ್ ರೋಡ್ಸ್‌ನ ಪ್ರತಿಮೆ ತೆರವಾದಾಗ, ಚಳವಳಿಯ ವಿದ್ಯಾರ್ಥಿಗಳು ಫ್ಯಾನನ್ ಮತ್ತು ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಇಬ್ಬರನ್ನೂ ಉಲ್ಲೇಖಿಸುತ್ತಿದ್ದರು. ಅವರ ಪ್ರಶ್ನೆ ಕಲ್ಲು-ಕಂಚಿಗೆ ಸೀಮಿತವಾಗಿರಲಿಲ್ಲ. ವರ್ಣಭೇದದ ಆಡಳಿತ ಕೊನೆಗೊಂಡು ಎರಡು ದಶಕ ಕಳೆದರೂ ಪಠ್ಯಕ್ರಮ, ಬೋಧಕವರ್ಗಗಳು ಏಕೆ ಬದಲಾಗಿಲ್ಲ ಎಂದು ಅವರು ಕೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶುಲ್ಕ ಏರಿಕೆಯ ವಿರುದ್ಧ ದೇಶದಾದ್ಯಂತ ವಿದ್ಯಾರ್ಥಿಗಳು ಬೀದಿಗಿಳಿದಾಗ ಎದುರಿಗಿದ್ದುದು ಅವರದೇ ಚುನಾಯಿತ ಸರ್ಕಾರ. ಇದನ್ನೆಲ್ಲ ಬಿಟ್ಟು, ‘ಫ್ಯಾನನ್ ಎಂದರೆ ಹಿಂಸೆ’ ಎಂದು ಟೀಕಾಕಾರರು ಷರಾ ಬರೆದುಬಿಟ್ಟರೆ ಆ ಪ್ರಶ್ನೆಗೆ ಉತ್ತರಿಸುವ ಹೊಣೆಯೇ ತಪ್ಪುತ್ತದೆ.

ನಮ್ಮಲ್ಲಿ ಗಾಂಧೀಜಿಗೂ ಇದೇ ಪಾಡು. ಚೌರಿಚೌರಾದ ಬಳಿಕ 1922ರಲ್ಲಿ ಅವರು ಅಸಹಕಾರ ಚಳವಳಿ ನಿಲ್ಲಿಸಿದ್ದನ್ನು ಪ್ರತಿಭಟನಕಾರರಿಗೆ ನೆನಪಿಸುವವರು, ಅದೇ ವರ್ಷ ರಾಜದ್ರೋಹದ ಮೊಕದ್ದಮೆಯಲ್ಲಿ ಅವರು ತಪ್ಪೊಪ್ಪಿಕೊಂಡು ಗರಿಷ್ಠ ಶಿಕ್ಷೆ ಕೊಡಿ ಎಂದು ಕೋರಿದ್ದನ್ನು ನೆನಪಿಸುವುದು ಅಪರೂಪ.

ಪತ್ರಿಕೆ ಇಂತಹ ಚರ್ಚೆಗಳಿಗೆ ಜಾಗ ಕೊಡುತ್ತಿರುವುದು ಸಂತೋಷ. ಉದ್ಧರಿಸಿದ ಸಾಲು ಯಾವ ಕೃತಿಯ ಯಾವ ಅಧ್ಯಾಯದ್ದೆಂದು ಲೇಖಕರು ಬರಹದಲ್ಲೇ ತಿಳಿಸುವಂತೆ ತಾವು ಕೇಳಬಹುದಲ್ಲವೇ?

ಇತಿ,
ನಿಮ್ಮ ಓದುಗ, ಧಾರವಾಡ