ಯಾರ ಭಯ ಅಂತ ಕೇಳು

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಸೈನ್ಸ್ ಫಿಕ್ಷನ್ ಸಿನಿಮಾಗಳ ಮೇಲೆ ನಿನಗಿರುವ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಜಪಾನಿನ ದೈತ್ಯ ಪ್ರಾಣಿಯ ಸಿನಿಮಾ ಗಾಡ್ಜಿಲ್ಲಾವನ್ನು 'ಅಣುಬಾಂಬಿನ ಭಯದ ಕಥೆ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೀಯ. ಸುಳ್ಳಲ್ಲ. ಆದರೆ ಯಾರ ಭಯ? ನಿನ್ನ ಬರಹ ಅಲ್ಲಿಂದ ಶುರುವಾಗಬೇಕಿತ್ತು.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ವಿಕಿರಣದ ಬೂದಿ ಸುರಿಯಿತು. ಅದರಲ್ಲಿ 23 ಜನರಿದ್ದರು. ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಗಾಡ್ಜಿಲ್ಲಾ ಸಿನಿಮಾ ಜಪಾನಿನಲ್ಲಿ ತೆರೆಗೆ ಬಂತು. ಅದು ಶುರುವಾಗುವುದೇ ನಡುಗಡಲಲ್ಲಿ ಬೆಳಕು ಮಿಂಚಿ ಹಡಗೊಂದು ಹೊತ್ತಿ ಉರಿಯುವುದರಿಂದ. ಅಲ್ಲಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಿನಿಮಾದಲ್ಲಿ ರೈಲಿನಲ್ಲಿ ಕೂತ ಒಬ್ಬಳು, ನಾಗಸಾಕಿಯಿಂದ ಹೇಗೋ ಬದುಕಿ ಬಂದೆ ಎನ್ನುತ್ತಾಳೆ.

1956ರಲ್ಲಿ ಅದೇ ಸಿನಿಮಾವನ್ನು ಕತ್ತರಿಸಿ, ಅಮೆರಿಕದ ಪತ್ರಕರ್ತನ ಪಾತ್ರ ಸೇರಿಸಿ, ಅಮೆರಿಕದಲ್ಲಿ ತೋರಿಸಿದರು. ನಾಗಸಾಕಿಯ ಆ ಮಾತು ಅದರಲ್ಲಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ನೋಡು. ಬಿಟ್ಟುಹೋದ ಆ ಮಾತಿನ ಬಗ್ಗೆಯೇ ಒಂದು ಇಡೀ ಲೇಖನ ಬರೆಯಬಹುದು.

ಅಮೆರಿಕದ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಸಿನಿಮಾ ಕೂಡ 1956ರದ್ದೇ. ಸಣ್ಣ ಊರಿನ ಜನ ಒಬ್ಬೊಬ್ಬರಾಗಿ ಭಾವನೆಗಳೇ ಇಲ್ಲದ ನಕಲುಗಳಾಗುತ್ತಾರೆ. ಇದು ಕಮ್ಯುನಿಸ್ಟರ ಬಗೆಗಿನ ಭಯ ಎಂದರು ಕೆಲವರು. ಅಲ್ಲ, ಆಗ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದವರ ಬಗೆಗಿನ ಭಯ ಎಂದರು ಇನ್ನು ಕೆಲವರು. ಎರಡಕ್ಕೂ ಸಿನಿಮಾದೊಳಗೇ ಆಧಾರ ಸಿಗುತ್ತದೆ. ಒಂದನ್ನು ಆರಿಸಿಕೊಳ್ಳುವ ಅವಸರ ಬೇಡ. 1978ರಲ್ಲಿ ಅದೇ ಕಥೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಅಷ್ಟು ದೊಡ್ಡ ನಗರದಲ್ಲಿ ಪಕ್ಕದ ಮನೆಯವನು ಬೇರೆಯವನಾಗಿಬಿಟ್ಟರೂ ಯಾರಿಗೆ ಗೊತ್ತಾಗುತ್ತದೆ, ಅಲ್ವಾ? ಭಯದ ವಿಳಾಸವೇ ಬದಲಾಯಿತು.

ಇನ್ನೊಂದು ಮಾತು. ಎಲ್ಲ ಕಡೆ ಬರೀ ಭಯವನ್ನೇ ಹುಡುಕಬೇಡ. ಆಸೆಯನ್ನೂ ನೋಡು. ಅಮೆರಿಕದ ಟೀವಿ ಧಾರಾವಾಹಿ 'ಸ್ಟಾರ್ ಟ್ರೆಕ್' 1966ರಲ್ಲಿ ಶುರುವಾಯಿತು. ಮರುವರ್ಷ, ಶೀತಲ ಸಮರದ ನಡುವೆಯೇ, ಅದರ ಬಾಹ್ಯಾಕಾಶ ನೌಕೆಗೆ ರಷ್ಯದ ಅಧಿಕಾರಿಯೊಬ್ಬ ಬಂದ. ಕಪ್ಪು ಜನಾಂಗದ ಅಧಿಕಾರಿ ಉಹುರಾ ಮೊದಲೇ ಇದ್ದಳು. ಕ್ಯಾಪ್ಟನ್ ಕುರ್ಚಿ ಮಾತ್ರ ಬಿಳಿಯ ಅಮೆರಿಕನ್ ಗಂಡಸಿಗೇ. ಆ ಆಸೆ ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು ಎರಡನ್ನೂ ಬರಿ.

ಗಾಡ್ಜಿಲ್ಲಾ ಭಾಗವನ್ನು ಪೂರ್ತಿ ಹೊಸದಾಗಿ ಬರೆದು ಕಳಿಸು. ಪುಟ ಜಾಸ್ತಿಯಾದರೂ ಪರವಾಗಿಲ್ಲ, ಕೂತು ಓದುತ್ತೇನೆ.

ನಿನ್ನ ಅಣ್ಣ