ಫ್ರಾಂಕೆನ್‌ಸ್ಟೈನ್ ಭಸ್ಮಾಸುರನಲ್ಲ

ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮಲ್ಲಿ ಬಂದ ಎಐ ಲೇಖನ ಚೆನ್ನಾಗಿತ್ತು. ಆದರೆ ಎಐ ಅನ್ನು ಫ್ರಾಂಕೆನ್‌ಸ್ಟೈನ್ ಎಂಬ ಭಸ್ಮಾಸುರನಿಗೆ ಹೋಲಿಸಿದ್ದೀರಲ್ಲ, ನನ್ನ ತಕರಾರು ಅಲ್ಲೇ. ಇಂಗ್ಲಿಷ್ ಲೇಖಕಿ ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಒಬ್ಬ ಹುಡುಗ ಒಂದು ವಿಕಾರ ಜೀವಿಯನ್ನು ಹುಟ್ಟಿಸುತ್ತಾನೆ. ಫ್ರಾಂಕೆನ್‌ಸ್ಟೈನ್ ಅನ್ನೋದು ಆ ಜೀವಿಯ ಹೆಸರೇ ಅಲ್ಲ, ಅದನ್ನು ಮಾಡಿದವನದ್ದು. ಅವನೂ ಜನ ಅಂದುಕೊಂಡಂತೆ ಡಾಕ್ಟರಲ್ಲ, ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಓದುತ್ತಿದ್ದ ಹುಡುಗ. ಹೋಗಲಿ, ಈ ತಪ್ಪನ್ನು ಊರೆಲ್ಲ ಮಾಡುತ್ತೆ.

ಭಸ್ಮಾಸುರ ವರ ಪಡೆದು, ಕೊಟ್ಟವನ ತಲೆ ಮೇಲೇ ಕೈಯಿಡಲು ಹೊರಟವನು. ಇಲ್ಲಿ ಕಥೆ ಉಲ್ಟಾ. ಆ ಜೀವಿ ಕಣ್ಣು ಬಿಟ್ಟಿದ್ದೇ ತಡ, ಹುಟ್ಟಿಸಿದವನೇ ಹೆದರಿ ಓಡಿಹೋದ. ಪಾಪ, ಅದು ಕಾಡು ಅಲೆದು, ಯಾರದೋ ಮನೆ ಪಕ್ಕದ ಗುಡಿಸಲಲ್ಲಿ ಅಡಗಿ, ಸಂದಿಯಿಂದ ಇಣುಕುತ್ತಾ ಮಾತು ಕಲಿತು, ಇಂಗ್ಲಿಷ್ ಕವಿ ಮಿಲ್ಟನ್ನನ ಕಾವ್ಯವನ್ನೂ ಓದಿಕೊಂಡು, ಕೊನೆಗೆ ಆ ಮನೆಯವರ ಹತ್ತಿರ ಹೋದರೆ ಸಿಕ್ಕಿದ್ದು ಕೋಲಿನ ಏಟು. ಕೊಲೆಗಳೆಲ್ಲ ಆಮೇಲಿನ ಮಾತು.

ಈ ಕಾದಂಬರಿ ಹುಟ್ಟಿದ್ದು 1816ರಲ್ಲಿ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿಗೆ ಆ ಸಲ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ, ಮಳೆಗೆ ಮೇರಿ ಮತ್ತು ಗೆಳೆಯರ ಜೊತೆ ಮನೆಯೊಳಗೇ ಕೂತ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ. ಮೇರಿಗೆ ಆಗ ಬರೀ 18. ಈ ಪಂದ್ಯದ ಕಥೆಯನ್ನು ಎಲ್ಲರೂ ಹೇಳ್ತಾರೆ. ನನಗೆ ಜಾಸ್ತಿ ಕಾಡೋದು ಬೇರೆ. ಅವಳನ್ನು ಹೆತ್ತ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಿದ್ದಳು. 1815ರಲ್ಲಿ ಅವಳ ಮೊದಲ ಕೂಸೂ ಹೋಯಿತು. ಬೆಂಕಿ ಮುಂದೆ ಮೈ ಉಜ್ಜಿದಾಗ ಕೂಸಿಗೆ ಮತ್ತೆ ಜೀವ ಬಂದಂತೆ ಕನಸು ಬಿತ್ತು ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಇದನ್ನು ಓದಿದ ಮೇಲೆ ಆ ಪುಸ್ತಕ ಸುಮ್ನೆ ಹೆದರಿಸೋ ಕಥೆ ಅನ್ನಿಸಲ್ಲ.

1818ರಲ್ಲಿ ಮೊದಲು ಅಚ್ಚಾಗಿದ್ದು 500 ಪ್ರತಿ, ಅದೂ ಅವಳ ಹೆಸರಿಲ್ಲದೆ! ಗಂಡ ಪರ್ಸಿ ಶೆಲ್ಲಿಯೇ ಬರೆದಿರಬೇಕು ಅಂದುಕೊಂಡವರೂ ಇದ್ದರು. ಇಂಗ್ಲಿಷ್ ಪುಸ್ತಕದ ಮೇಲೆ ಅವಳ ಹೆಸರು ಬಿದ್ದಿದ್ದು 1823ರಲ್ಲಿ.

ನಿಮ್ಮ ಲೇಖನದ ಜೊತೆ ಇದ್ದ, ಕುತ್ತಿಗೆಗೆ ಬೋಲ್ಟ್ ಹೊಡೆದ ಚಿತ್ರ 1931ರ ಸಿನಿಮಾದ್ದು. ಅಲ್ಲಿ ಆ ಜೀವಿಯ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್‌ಗೆ ಮಾತೇ ಇಲ್ಲ, ಬರೀ ಗುರುಗುಟ್ಟೋದು. ಪುಸ್ತಕದಲ್ಲಿ ಆ ಜೀವಿ ನಮ್ಮ ವಕೀಲರಿಗಿಂತ ಚೆನ್ನಾಗಿ ವಾದ ಮಾಡುತ್ತೆ. ಮುಂದಿನ ಸಲ ಚಿತ್ರ ಬರೆಸುವಾಗ ನಿಮ್ಮ ಕಲಾವಿದರಿಗೆ ಹೇಳಿ: ಹಳದಿ ಚರ್ಮ, ಉದ್ದನೆಯ ಕಪ್ಪು ಕೂದಲು. ಬೋಲ್ಟ್ ಬೇಡ.

– ಓದುಗ, ಶಿವಮೊಗ್ಗ