ಶಿಕ್ಷೆಯಾದ ಮೇಲೆ ಕೈದಿಯ ವಕೀಲರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಜೈಲಿನಲ್ಲಿರುವವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ ಎಂಬುದು ಈಗ ಬಹಳ ಜನಕ್ಕೆ ಗೊತ್ತಿದೆ. ಆ ಹಕ್ಕು ತೀರ್ಪಿನ ದಿನಕ್ಕೆ ಮುಗಿಯುವುದಿಲ್ಲ ಎಂಬುದು ಮಾತ್ರ ಕೈದಿಗಳಿಗೂ ಅವರ ಮನೆಯವರಿಗೂ ಇನ್ನೂ ಸರಿಯಾಗಿ ತಲುಪಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೆಂದು ನೋಡದೆ ಕಾನೂನು ನೆರವು ಕೊಡಬೇಕು. ವಿಚಾರಣಾಧೀನ ಬಂದಿ, ಶಿಕ್ಷಾಬಂದಿ ಎಂಬ ಭೇದ ಅಲ್ಲಿಲ್ಲ. ಅದಕ್ಕೂ ಮೊದಲೇ, 1978ರಲ್ಲಿ, ಎಂ.ಎಚ್. ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತ್ತು: ತೀರ್ಪಿನ ಪ್ರತಿಯನ್ನು ಕೈದಿಗೆ ಉಚಿತವಾಗಿ ಕೊಡಬೇಕು, ಜೈಲಿನ ಮೂಲಕ ಕಳಿಸಿದ್ದರೆ ಅದು ಕೈಸೇರಿದ್ದಕ್ಕೆ ಬರಹದಲ್ಲಿ ಸ್ವೀಕೃತಿ ಪಡೆಯಬೇಕು, ಮೇಲ್ಮನವಿಗೆ ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ವಕೀಲರನ್ನು ನೇಮಿಸಬೇಕು.

ಇಷ್ಟಿದ್ದೂ ಎಳೆ ಕಡಿದುಹೋಗುವುದು ತೀರ್ಪಿನ ಮಾರನೇ ದಿನವೇ. ವಿಚಾರಣೆ ನಡೆಸಿದ ವಕೀಲರ ಕೆಲಸ ಆ ಕೋರ್ಟಿಗೆ ಮುಗಿಯಿತು. 2022ರ ಯೋಜನೆಯಂತೆ ಬಂದ ಕಾನೂನು ನೆರವು ಅಭಿರಕ್ಷಕರು ಪೂರ್ಣಾವಧಿ ವಕೀಲರೇನೋ ಹೌದು, ಆದರೆ ಅವರ ವ್ಯಾಪ್ತಿ ಜಿಲ್ಲಾ ಮಟ್ಟದ್ದು. ಸೆಷನ್ಸ್ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧದ ಮೇಲ್ಮನವಿ ಹೈಕೋರ್ಟಿಗೆ ಹೋಗಬೇಕು. ಅಲ್ಲಿ ಬೇರೆ ಕಾನೂನು ಸೇವೆಗಳ ಸಮಿತಿ, ನೆರವಿನ ವಕೀಲರ ಬೇರೆ ಪಟ್ಟಿ (ಪ್ಯಾನೆಲ್), ಕೈದಿಯ ಮುಖವನ್ನೇ ನೋಡಿರದ ಬೇರೆ ವಕೀಲರು. ಕೊಪ್ಪಳದಲ್ಲಿ ಶಿಕ್ಷೆಯಾಗಿ ಬಳ್ಳಾರಿ ಕೇಂದ್ರ ಕಾರಾಗೃಹ ಸೇರಿದವರ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನಡೆಯುತ್ತದೆ. ಮೂರು ಊರುಗಳ ನಡುವೆ ಕಡತ ಓಡಾಡಬೇಕು. ಅದು ಎಲ್ಲಿಗೆ ಮುಟ್ಟಿತು ಎಂದು ವಿಚಾರಿಸುವ ಹೊಣೆ ನಿರ್ದಿಷ್ಟವಾಗಿ ಯಾರ ಮೇಲೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ಮೇಲ್ಮನವಿ ಹಾಕುವ ಅವಧಿಯ ಲೆಕ್ಕ ಕಟ್ಟುನಿಟ್ಟು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಸೆಷನ್ಸ್ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ, ಮರಣದಂಡನೆಯಾಗಿದ್ದರೆ ಹೈಕೋರ್ಟಿಗೂ 30 ದಿನವೇ. ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿಗೆ ಸಾಮಾನ್ಯವಾಗಿ 90 ದಿನ. ದೃಢೀಕೃತ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯಬಹುದು. ಗಡುವು ದಾಟಿದರೂ ಸೂಕ್ತ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ‘ಟೈಮ್ ಮುಗಿದುಹೋಯ್ತು, ಇನ್ನೇನೂ ಆಗಲ್ಲ’ ಎಂದು ಬ್ಯಾರಕ್ಕಿನಲ್ಲಿ ಹೇಳುವವರ ಮಾತು ಕೇಳಿ ಕೈಚೆಲ್ಲಬೇಕಾಗಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ: ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿಯಾಗುತ್ತದೆ ಎಂಬ ಹೆದರಿಕೆ. ಕೈದಿ ತಾನೇ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಶಿಕ್ಷೆ ಸಾಲದೆಂದು ಸರ್ಕಾರ ಬೇರೆಯಾಗಿ ಮೇಲ್ಮನವಿ ಹಾಕಿದ್ದರೆ ಅದು ಬೇರೆ ವಿಷಯ. ಈ ಒಂದು ಸಂಗತಿಯನ್ನು ಪ್ರತಿ ಶಿಕ್ಷಾಬಂದಿಗೆ ಅವರ ಭಾಷೆಯಲ್ಲಿ ಕೂರಿಸಿ ಹೇಳಬೇಕು.

ಈಗ ಕಾಗದದ ವಿಷಯ. ಜೈಲಿನಿಂದ ಸಮಿತಿಗೆ ಹೋಗುವ ಲಕೋಟೆಯಲ್ಲಿ ಕಾನೂನು ನೆರವಿನ ಅರ್ಜಿ, ತೀರ್ಪಿನ ದೃಢೀಕೃತ ಪ್ರತಿ, ಸಹಿ ಮಾಡಿದ ವಕಾಲತ್ತು (ತನ್ನ ಪರ ವಾದಿಸಲು ವಕೀಲರಿಗೆ ಕೊಡುವ ಒಪ್ಪಿಗೆ ಪತ್ರ), ಎಷ್ಟು ದಿನದಿಂದ ಒಳಗಿದ್ದಾರೆಂಬ ಪ್ರಮಾಣಪತ್ರ, ತಡವಾಗಿದ್ದರೆ ವಿಳಂಬಕ್ಕೆ ಕಾರಣ ಹೇಳುವ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಇರಬೇಕು. ಎಡವುವುದೆಲ್ಲ ಸಣ್ಣ ಸಣ್ಣ ಕಡೆ. ವಕಾಲತ್ತಿನ ಮೇಲೆ ಹೆಬ್ಬೆಟ್ಟು ಇರುತ್ತದೆ, ಅದರ ಪಕ್ಕ ಜೈಲು ಅಧಿಕಾರಿಯ ಸಹಿ ಮತ್ತು ಮೊಹರು ಇರುವುದಿಲ್ಲ. ದೋಷಾರೋಪ ಪಟ್ಟಿಯಲ್ಲಿ ‘ಹನುಮಂತಪ್ಪ’ ಎಂದಿದ್ದ ಹೆಸರು ಜೈಲಿನ ದಾಖಲೆಯಲ್ಲಿ ‘ಹನಮಂತ’ ಎಂದಾಗಿರುತ್ತದೆ. ತಪ್ಪಿತಸ್ಥ ಎಂಬ ತೀರ್ಪು ಒಂದು ದಿನ, ಶಿಕ್ಷೆಯ ಪ್ರಮಾಣದ ಆದೇಶ ಇನ್ನೊಂದು ದಿನ ಬಂದಿದ್ದರೆ ಎರಡನೆಯದರ ಹಾಳೆಗಳೇ ಬಿಟ್ಟುಹೋಗಿರುತ್ತವೆ. ಕಚೇರಿ ಆಕ್ಷೇಪಣೆ ಹಾಕುತ್ತದೆ, ಕಾಗದ ಅಂಚೆಯಲ್ಲಿ ಜೈಲಿಗೆ ಮರಳುತ್ತದೆ, ಮತ್ತೆ ಸಹಿ, ಮತ್ತೆ ಅಂಚೆ. ಒಂದು ಮೊಹರಿಗಾಗಿ ವಾರಗಟ್ಟಲೆ ಹೋಗುತ್ತದೆ. ಲಕೋಟೆ ಅಂಟಿಸುವ ಮುಂಚೆ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನ ಸ್ವಯಂಸೇವಕರೊಬ್ಬರು ಹತ್ತು ನಿಮಿಷ ಕೂತು ತಾಳೆ ನೋಡಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ.

ಲಕೋಟೆ ಸರಿಯಾಗಿ ತಲುಪಿ ವಕೀಲರ ನೇಮಕವಾಯಿತು ಎನ್ನೋಣ. ಅವರ ಕೈಯಲ್ಲಿರುವುದು ತೀರ್ಪು ಮಾತ್ರ. ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು, ಮಹಜರು ಎಲ್ಲವೂ ಕೆಳ ನ್ಯಾಯಾಲಯದ ಕಡತದಲ್ಲಿವೆ. ಹಾಗಾಗಿ ಮೇಲ್ಮನವಿಯ ಆಧಾರಗಳ ಜಾಗದಲ್ಲಿ ‘ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧವಾಗಿದೆ’ ಎಂಬ ಒಂದೇ ಸಾಲು ಬೇರೆ ಬೇರೆ ಪದಗಳಲ್ಲಿ ನಾಲ್ಕು ಸಲ ಬರುತ್ತದೆ. ಮಹಜರಿನ ಸಾಕ್ಷಿಗಳಾದ ಪಂಚರು ಸ್ಥಳಕ್ಕೆ ಬಾರದೆ ಠಾಣೆಯಲ್ಲೇ ಸಹಿ ಹಾಕಿದ್ದರೇ, ಯಾವ ಸಾಕ್ಷಿಯನ್ನು ಕರೆಸಲೇ ಇಲ್ಲ, ತನ್ನ ಪರ ಯಾವ ದಾಖಲೆ ಹಾಜರಾಗಲಿಲ್ಲ ಎಂಬುದೆಲ್ಲ ಗೊತ್ತಿರುವುದು ಕೈದಿಗೆ. ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ. ಜೈಲುಗಳಲ್ಲಿ ವಿಡಿಯೊ ಕಾನ್ಫರೆನ್ಸ್ ವ್ಯವಸ್ಥೆ ಇದೆ. ಮೇಲ್ಮನವಿ ಸಲ್ಲಿಸುವ ಮುಂಚೆ ವಕೀಲರು ಅರ್ಧ ಗಂಟೆ ಕೈದಿಯೊಡನೆ ಮಾತಾಡಿದ್ದಾರೆ ಎಂಬ ದಾಖಲೆ ಇಲ್ಲದೆ ಸಮಿತಿ ಶುಲ್ಕ ಬಿಡುಗಡೆ ಮಾಡಬಾರದು. ಇದು ಗಟ್ಟಿಯಾಗಿ ಹೇಳಬೇಕಾದ ಮಾತು, ಪ್ಯಾನೆಲ್ ವಕೀಲರಿಗೆ ಬೇಸರವಾದರೂ ಸರಿಯೇ.

ಮೇಲ್ಮನವಿಯ ಜೊತೆಗೇ ಶಿಕ್ಷೆ ಅಮಾನತು ಮತ್ತು ಜಾಮೀನಿನ ಅರ್ಜಿ ಹೋಗಬೇಕು. ಅದನ್ನು ಬಿಟ್ಟರೆ ಕಿರು ಅವಧಿಯ ಶಿಕ್ಷೆಗಳಲ್ಲಿ ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಶಿಕ್ಷೆಯೇ ಮುಗಿದಿರುತ್ತದೆ. ಶಿಕ್ಷೆ ಮೂರು ವರ್ಷ ಮೀರದಿದ್ದು, ಆ ವ್ಯಕ್ತಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕಲು ಬೇಕಾದಷ್ಟು ಕಾಲ ಜಾಮೀನು ಕೊಡುವ ಅಧಿಕಾರ ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೇ ಇದೆ. ಅದನ್ನು ತೀರ್ಪಿನ ದಿನ ಅಲ್ಲಿಯೇ ಕೇಳಬೇಕು.

ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 23ರಂದು ಒಂದು ಸರಳ ಉಪಾಯ ಸೂಚಿಸಿತು. ಶಿಕ್ಷೆ ವಿಧಿಸುವ, ಮೇಲ್ಮನವಿ ವಜಾಗೊಳಿಸುವ, ಜಾಮೀನು ನಿರಾಕರಿಸುವ ಪ್ರತಿ ಆದೇಶದ ಪ್ರತಿಗೂ ಒಂದು ಮುಖಪುಟ ಲಗತ್ತಿಸುವುದು. ಮೇಲಿನ ನ್ಯಾಯಾಲಯಕ್ಕೆ ಹೋಗಲು ಉಚಿತ ನೆರವು ಇದೆಯೆಂದು ಅದರಲ್ಲಿ ತಿಳಿಸಿ, ಸಂಬಂಧಪಟ್ಟ ಸಮಿತಿಯ ವಿಳಾಸ, ಫೋನ್ ಸಂಖ್ಯೆ ಕೊಡಬೇಕು. ನಮ್ಮ ಕೋರಿಕೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಆ ಹಾಳೆ ಕನ್ನಡದಲ್ಲಿರಲಿ, ಗಡುವಿನ ಕೊನೆಯ ದಿನಾಂಕವನ್ನು ನ್ಯಾಯಾಲಯದ ಸಿಬ್ಬಂದಿಯೇ ಅದರಲ್ಲಿ ತುಂಬಲಿ. ವಕೀಲರ ನೇಮಕವಾದ ಕೂಡಲೇ ಅವರ ಹೆಸರು, ಫೋನ್ ಸಂಖ್ಯೆ, ಮೇಲ್ಮನವಿ ಸಂಖ್ಯೆ ಮತ್ತು 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಗುರುತಿನ ಸಂಖ್ಯೆ) ಇರುವ ಚೀಟಿಯೊಂದು ಕೈದಿಯ ಕೈಸೇರಲಿ, ಇನ್ನೊಂದು ಮನೆಯವರಿಗೆ ಹೋಗಲಿ. ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ದಿನಾಂಕವನ್ನು ಮಗನೋ ಮಗಳೋ ನೋಡಿ ಹೇಳಬಹುದು. ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ ಆದರೆ ಆ ಸುದ್ದಿಯೂ ಪ್ರತಿಯೂ ಅದೇ ವಾರ ಜೈಲಿಗೆ ತಲುಪಲಿ, ಏಕೆಂದರೆ ಸುಪ್ರೀಂ ಕೋರ್ಟಿನ 90 ದಿನ ಅಲ್ಲಿಂದ ಶುರುವಾಗಿರುತ್ತದೆ.

ನೇಮಕಗೊಂಡ ವಕೀಲರು ಹಾಜರಾಗಲಿಲ್ಲವೆಂದು ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ, ಗುಣಾವಗುಣ ನೋಡಿಯೇ ತೀರ್ಮಾನಿಸಬೇಕು ಎಂದು 1996ರ ಬಾನಿ ಸಿಂಗ್ ತೀರ್ಪು ಹೇಳಿದೆ. ವಕೀಲರು ಸ್ಪಂದಿಸದಿದ್ದರೆ ಬದಲಾಯಿಸಿಕೊಡಿ ಎಂದು ಸಮಿತಿಗೆ ಬರೆಯಬಹುದು. ಅವರು ಹಣ ಕೇಳುವಂತಿಲ್ಲ. ಕೇಳಿದರೆ ಕೊಡದೆ ದೂರು ಕೊಡಿ.

ಮನೆಯವರು ಜೈಲಿನ ಕಾಗದಕ್ಕೇ ಕಾದು ಕೂರಬೇಕಿಲ್ಲ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ತೀರ್ಪಿನ ಜೆರಾಕ್ಸ್ ಹಿಡಿದು ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಅರ್ಜಿ ಕೊಟ್ಟಾಗ ದಿನಾಂಕವಿರುವ ಸ್ವೀಕೃತಿ ಕೇಳಿ ಪಡೆಯಿರಿ. ಮುಂದೆ ವಿಳಂಬ ಮನ್ನಾ ಕೇಳಬೇಕಾಗಿ ಬಂದರೆ ತಡ ನಿಮ್ಮಿಂದಾದದ್ದಲ್ಲ ಎಂದು ತೋರಿಸಲು ಆ ಚೀಟಿ ಬೇಕಾಗುತ್ತದೆ.

ಇತಿ,
ಕಾನೂನು ನೆರವು ಪ್ರಕರಣಗಳನ್ನು ನಡೆಸುವ ವಕೀಲರು, ಧಾರವಾಡ